ಏಣಿಯ ಹಿಮ್ಮಡಿ, ಭಾವನ ದ್ವೀಪ

ಅವನಿಗೂ ಅಪ್ಪ ಅಮ್ಮ ಇಟ್ಟ ಹೆಸರು ಅಂತ ಒಂದಿತ್ತು. ಆದರೆ ಅದನ್ನು ಕರೆದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಎಲ್ಲರಿಗೂ ಅವನು ಏಣಿ. ಆರಡಿಯ ಮೇಲೆ ಎರಡು ಬೆರಳು ಎತ್ತರ, ಬೆನ್ನಿಗೆ ಅಂಟಿದ ಹೊಟ್ಟೆ, ಮೊಣಕೈ ತನಕ ಯಾವತ್ತೂ ಹೋಗದ ಸುಣ್ಣ-ಬಣ್ಣ. ಕೆಲಸ ಎತ್ತರದ ಗೋಡೆಗಳಿಗೆ ಬಣ್ಣ ಹೊಡೆಯುವುದು. ನೀರಿನ ಟ್ಯಾಂಕು, ಗೋದಾಮಿನ ಹೊರಗೋಡೆ, ನಾಲ್ಕನೇ ಮಹಡಿಯ ಕಿಟಕಿಯ ಆಚೆ ಬದಿ, ಹೀಗೆ ಬೇರೆ ಪೇಂಟರುಗಳು ಕತ್ತೆತ್ತಿ ನೋಡಿ "ನಂಗೆ ತಲೆ ತಿರುಗುತ್ತೆ ಸಾರ್" ಅಂತ ಕೈ ಮುಗಿಯುವ ಜಾಗಕ್ಕೆಲ್ಲ ಇವನನ್ನೇ ಕರೆಯಬೇಕು. ಕರೆದರೆ ಬರುತ್ತಿದ್ದ. ಅದೇ ಅವನ ದೊಡ್ಡ ದೋಷ. ದೇವರು ಅವನಿಗೆ ಇಷ್ಟುದ್ದದ ಕೈ ಕಾಲು ಕೊಟ್ಟು, "ಆಗಲ್ಲ" ಅನ್ನುವ ಮೂರಕ್ಷರ ಕೊಡುವುದಕ್ಕೆ ಮರೆತಿದ್ದ.

ಈ ದೋಷವನ್ನು ಮೊದಲು ಪತ್ತೆ ಮಾಡಿದವರು ಅವನ ಅಕ್ಕನ ಗಂಡ. ಭಾವನಿಗೆ ಮನೆಯ ಮುಂಭಾಗದಲ್ಲೇ ಕನ್ನಡಕದ ಅಂಗಡಿ. ಬೋರ್ಡಿನ ಮೇಲೆ ಹೆಸರು ಭಾವನದು, ಕೌಂಟರಿನ ಹಿಂದೆ ಕೂರುವುದು ಅಕ್ಕ, ಫ್ರೇಮು ತೋರಿಸುವುದು ಅಕ್ಕ, ಗಾಜು ಉಜ್ಜಿ ಕೂರಿಸುವುದೂ ಅಕ್ಕ. ಭಾವ ಹಿಂದಿನ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಪ್ರಪಂಚದ ಜೊತೆ ಮಾತಾಡುತ್ತಿರುತ್ತಾರೆ. ಇದಕ್ಕೆ ಹ್ಯಾಮ್ ರೇಡಿಯೋ ಅನ್ನುತ್ತಾರೆ. ಪರೀಕ್ಷೆ ಪಾಸಾದರೆ ಸರ್ಕಾರ ಲೈಸೆನ್ಸು ಕೊಡುತ್ತದೆ, ಅಕ್ಷರ-ಅಂಕಿ ಕೂಡಿಸಿ ಒಂದು ಕರೆಹೆಸರು ಕೊಡುತ್ತದೆ. ಆಮೇಲೆ ಮನೆಯ ಹಿಂದೆ ಟವರು ನಿಲ್ಲಿಸಿ, ಅದರ ತುದಿಗೆ ಮೀನಿನ ಮುಳ್ಳಿನ ಹಾಗಿರುವ ಆಂಟೆನಾ ಏರಿಸಿ, ಭೂಮಿಯ ಆ ಕಡೆ ಇರುವ ಇನ್ನೊಬ್ಬನ ಜೊತೆ ಮಾತಾಡಬಹುದು. ಏನು ಮಾತಾಡುತ್ತಾರೆ ಅಂತ ಕೇಳಿ. "ನಿಮ್ಮ ದನಿ ಐದು-ಒಂಬತ್ತು" ಅನ್ನುತ್ತಾರೆ ಇವರು. ಐದು-ಒಂಬತ್ತು ಅಂದರೆ ಎದುರಿಗೆ ಕೂತು ಮಾತಾಡಿದಷ್ಟು ಸ್ಪಷ್ಟ ಅಂತ. "ನಿಮ್ಮದೂ ಐದು-ಒಂಬತ್ತು" ಅನ್ನುತ್ತಾನೆ ಅವನು. "ಸರಿ, ನಿಮ್ಮ ಹೆಸರು ಕೇಳಿಸಲಿಲ್ಲ, ಇನ್ನೊಂದು ಸಲ ಹೇಳಿ" ಅನ್ನುತ್ತಾರೆ ಇವರು. ಕೇಳಿಸಲಿ ಬಿಡಲಿ ಎಲ್ಲರೂ ಎಲ್ಲರಿಗೂ ಐದು-ಒಂಬತ್ತೇ ಕೊಡುವುದು ಅಲ್ಲಿಯ ಮರ್ಯಾದೆ. ಮದುವೆ ಮನೆಯಲ್ಲಿ ಊಟ ಹೇಗಿತ್ತು ಅಂತ ಕೇಳಿದರೆ ಚೆನ್ನಾಗಿತ್ತು ಅನ್ನುವುದಿಲ್ಲವೇ, ಹಾಗೆ.

ಹದಿನೆಂಟು ವರ್ಷದ ಹಿಂದೆ, ತಾರಸಿಯ ತಂತಿ ಸಾಲದೆ ಭಾವ ಮೊದಲ ಕಂಬ ನಿಲ್ಲಿಸಿದಾಗ, "ಒಂದೈದು ನಿಮಿಷ ಮೇಲೆ ಹತ್ತಿ ಆ ಬೋಲ್ಟು ಬಿಗಿ ಮಾಡಿ ಇಳಿಯಪ್ಪ" ಅಂದಿದ್ದರು. ಏಣಿ ಹತ್ತಿದ. ಆ ಐದು ನಿಮಿಷ ಇನ್ನೂ ಮುಗಿದಿಲ್ಲ. ಕಂಬ ಹೋಗಿ ಐವತ್ತಡಿಯ ಟವರು ಬಂತು. ಭಾವನ ಟವರು ನೋಡಿ ಕ್ಲಬ್ಬಿನ ಹಲ್ಲಿನ ಡಾಕ್ಟರು ಕರೆದರು, ಅವರನ್ನು ನೋಡಿ ಕ್ಲಬ್ಬಿನ ಅಧ್ಯಕ್ಷರು ಕರೆದರು. ಭಾನುವಾರ ಬಂತೆಂದರೆ ಏಣಿ ಯಾರದಾದರೊಂದು ಟವರಿನ ತುದಿಯಲ್ಲಿ ಕಾಗೆಗೆ ಜೊತೆಯಾಗಿ ಕೂತಿರುತ್ತಿದ್ದ. ಕೂಲಿ ಕೇಳುವಂತಿಲ್ಲ, ಸ್ನೇಹ ಕೆಟ್ಟೀತು. ಒಂದು ಹೊತ್ತಿನ ಊಟ ಸಿಗುತ್ತಿತ್ತು, ಜೊತೆಗೆ "ನೀನಿಲ್ಲದಿದ್ರೆ ನಮ್ಮ ಕ್ಲಬ್ಬೇ ಇಲ್ಲ ಮಾರಾಯ" ಅನ್ನುವ ಹೊಗಳಿಕೆ. ವರ್ಷಕ್ಕೊಮ್ಮೆ ಕ್ಲಬ್ಬಿನವರು ಟವರಿನ ಬುಡದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಫೋಟೋದ ಮೇಲ್ಗಡೆ ಅಂಚಿನಲ್ಲಿ ಎರಡು ಚಪ್ಪಲಿ ಕಾಣುತ್ತವಲ್ಲ, ಅದೇ ಏಣಿ.

ಟವರು ಬೀಳುವುದೂ ಈ ಜನಕ್ಕೆ ಹೊಸದಲ್ಲ. ಹಲ್ಲಿನ ಡಾಕ್ಟರು ಟವರನ್ನು ನೆಟ್ಟಗೆ ಹಿಡಿಯುವ ಎಳೆತಂತಿಯ ಕೊಕ್ಕೆ ಬದಲಿಸುತ್ತೇನೆ ಅಂತ ಹೋಗಿ ಮೂರರಲ್ಲಿ ಎರಡನ್ನು ಒಟ್ಟಿಗೆ ಬಿಚ್ಚಿದರು. ಟವರು ಅವರ ಹೊಸ ಕಾರಿನ ಮೇಲೆ ಆರಾಮಾಗಿ ಒರಗಿತು. ಅಧ್ಯಕ್ಷರ ಆಂಟೆನಾ ತಾರಸಿಯಿಂದ ಜಾರಿ ಕೆಳಗಿನ ಮನೆಯವರ ಅಡುಗೆಮನೆಯ ಶೀಟು ತೂತು ಮಾಡಿಕೊಂಡು ಒಲೆಯ ಪಕ್ಕ ನಿಂತಿತು. ಎಲ್ಲರೂ ಹೇಳುವುದು ಒಂದೇ, ಗಾಳಿ. ಪಾಪ, ಗಾಳಿ ಯಾವತ್ತೂ ವಿಚಾರಣೆಗೆ ಬಂದು ನಾನಲ್ಲ ಅಂತ ಹೇಳಿದ್ದಿಲ್ಲ.

ಡಾಕ್ಟರ ಕಾರು ಚಪಾತಿಯಾದ ಮಾರನೇ ವಾರ ಭಾವ ಹೋಗಿ ಆಂಟೆನಾಕ್ಕೆ ವಿಮೆ ಮಾಡಿಸಿಕೊಂಡು ಬಂದರು. ಹೆಂಡತಿಗೆ ಇಲ್ಲದ ವಿಮೆ, ಅಂಗಡಿಗೆ ಇಲ್ಲದ ವಿಮೆ. ಪಾಲಿಸಿ ಬಂದ ದಿನ ಏಣಿ ಟವರಿನ ಮೇಲೆ ತುಕ್ಕು ಕೆರೆದು ಬಣ್ಣ ಬಳಿಯುತ್ತಿದ್ದ. ಭಾವ ಕೆಳಗೆ ಕುರ್ಚಿ ಹಾಕಿಕೊಂಡು ಕೂಗಿ ಕೂಗಿ ಓದಿದರು.

"ಗಾಳಿಗೆ ಬಿದ್ರೆ ಕೊಡ್ತಾರೆ, ಸಿಡಿಲಿಗೆ ಕೊಡ್ತಾರೆ, ಹಕ್ಕಿ ಗೂಡು ಕಟ್ಟಿ ಹಾಳಾದ್ರೂ ಕೊಡ್ತಾರೆ ಕಣೋ."

"ನಾನು ಬಿದ್ರೆ ಭಾವ?" ಅಂದ ಏಣಿ ಮೇಲಿಂದ, ತಮಾಷೆಗೆ.

"ನಿಂಗ್ಯಾಕೆ? ನೀನು ಬೀಳೋದಿಲ್ವಲ್ಲ."

ಅದೂ ನಿಜವೇ ಅನ್ನಿಸಿತು ಏಣಿಗೆ. ಬಣ್ಣ ಬಳಿಯುವುದು ಮುಂದುವರಿಸಿದ.

ಇನ್ನು ದ್ವೀಪದ ವಿಷಯ. ಈ ಜನ ಪ್ರಪಂಚದ ದೇಶ, ದ್ವೀಪಗಳನ್ನೆಲ್ಲ ಪಟ್ಟಿ ಮಾಡಿ, ಮಾತಾಡಿದ್ದಕ್ಕೆಲ್ಲ ಗುರುತು ಹಾಕುತ್ತಾ ಹೋಗುತ್ತಾರೆ. ಭಾವನ ಪಟ್ಟಿಯಲ್ಲಿ ಮುನ್ನೂರಕ್ಕೂ ಮೇಲೆ ಗುರುತು ಬಿದ್ದಿತ್ತು. ಒಂದು ಉಳಿದಿತ್ತು. ಅಲ್ಲಿ ನರಪಿಳ್ಳೆ ಇಲ್ಲ, ಇರುವುದು ಬಂಡೆ, ಮಂಜು, ಹಕ್ಕಿ. ಇಪ್ಪತ್ತು ವರ್ಷಕ್ಕೊಮ್ಮೆ ಹತ್ತು ಜನ ಹುಚ್ಚರು ಹಡಗು ಮಾಡಿಕೊಂಡು ಅಲ್ಲಿಗೆ ಹೋಗಿ, ಡೇರೆ ಹೊಡೆದು, ರೇಡಿಯೋ ಇಟ್ಟುಕೊಂಡು ಹತ್ತು ದಿನ ಕೂಗುತ್ತಾರೆ. ಪ್ರಪಂಚದ ಮಿಕ್ಕ ಹುಚ್ಚರೆಲ್ಲ ಒಟ್ಟಿಗೆ ಉತ್ತರ ಕೊಡುತ್ತಾರೆ. ಆ ಸಂತೆಯಲ್ಲಿ ನಿಮ್ಮ ಕರೆಹೆಸರು ಅವರ ಕಿವಿಗೆ ಬಿದ್ದರೆ "ಐದು-ಒಂಬತ್ತು" ಅನ್ನುತ್ತಾರೆ, ನೀವು "ಐದು-ಒಂಬತ್ತು, ಥ್ಯಾಂಕ್ಯೂ" ಅನ್ನಬೇಕು. ಮುಗಿಯಿತು, ನಾಲ್ಕು ಸೆಕೆಂಡು. ಕಳೆದ ಸಲ ಅವರು ಹೋಗಿದ್ದಾಗ ಭಾವ ಮದುವೆ ಛತ್ರದಲ್ಲಿದ್ದರು, ಅವರದೇ ಮದುವೆ. ಅದನ್ನು ಅಕ್ಕನಿಗೆ ಇವತ್ತಿಗೂ ಅವರು ಕ್ಷಮಿಸಿಲ್ಲ.

ಈ ಸಲ ಹುಚ್ಚರು ಹೋಗಿ ಎಂಟು ದಿನವಾಗಿತ್ತು. ಭಾವ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರೂ ಸಿಕ್ಕಿರಲಿಲ್ಲ. ಒಂಬತ್ತನೇ ದಿನ ಬೆಳಗ್ಗೆ ಆಂಟೆನಾ ತಿರುಗಿಸುವ ಮೋಟರು ಕೆಟ್ಟು, ಮೀನಿನ ಮುಳ್ಳು ದ್ವೀಪಕ್ಕೆ ಬೆನ್ನು ಹಾಕಿ ನಿಂತುಬಿಟ್ಟಿತು. ಫೋನು ಬಂದಾಗ ಏಣಿ ಒಂದು ಶಾಲೆಯ ಗೋಡೆಗೆ ಎರಡನೇ ಕೋಟು ಹೊಡೆಯುತ್ತಿದ್ದ. ಬ್ರಷ್ಷು ನೀರಿಗೆ ಹಾಕಿ ಹೊರಟ.

ಕೆಲಸ ಹೊಸದೇನಲ್ಲ. ಟವರಿನ ತುದಿಗೆ ಒಂದು ರಾಟೆ, ರಾಟೆಯ ಮೇಲೆ ಹಗ್ಗ. ಹಗ್ಗದ ಒಂದು ತುದಿ ಆಂಟೆನಾಕ್ಕೆ, ಇನ್ನೊಂದು ಕೆಳಗೆ ಭಾವನ ಕೈಯಲ್ಲಿ. ಏಣಿ ಬೋಲ್ಟು ಬಿಚ್ಚಬೇಕು, ಭಾವ ಒಂದೊಂದೇ ಮೊಳ ಹಗ್ಗ ಬಿಡಬೇಕು, ಆಂಟೆನಾ ಇಳಿದ ಹಾಗೆ ಏಣಿಯೂ ಒಂದು ಕೈಯಲ್ಲಿ ಅದನ್ನು ತಳ್ಳಿ ಹಿಡಿದು ಜೊತೆಗೇ ಇಳಿಯಬೇಕು. ಇಡೀ ಕೆಲಸದಲ್ಲಿ ಭಾವನ ಪಾಲಿಗೆ ಇದ್ದದ್ದು ಒಂದೇ ಒಂದು ಜವಾಬ್ದಾರಿ, ಹಗ್ಗ ಬಿಡಬಾರದು. ಗಾಳಿಯ ಸುಳಿವಿಲ್ಲ. ತಾರಸಿಯ ಮೇಲೆ ಅಕ್ಕ ಒಣಹಾಕಿದ್ದ ದುಪ್ಪಟಿಗಳು ಇಸ್ತ್ರಿ ಮಾಡಿದ ಹಾಗೆ ನೇರ ನಿಂತಿದ್ದವು. ಕೋಣೆಯ ಕಿಟಕಿ ತೆಗೆದು ಭಾವ ರೇಡಿಯೋದ ಸ್ಪೀಕರನ್ನು ಜೋರಾಗಿ ಇಟ್ಟಿದ್ದರು. ಅದಕ್ಕೆ ಆಗ ಸಿಕ್ಕಿಸಿದ್ದದ್ದು ತಾರಸಿಯ ಉದ್ದಕ್ಕೂ ಎಳೆದಿದ್ದ ಒಂದು ಹಳೇ ತಂತಿ, ಬಟ್ಟೆ ಒಣಗಿಸುವ ತಂತಿಗೂ ಅದಕ್ಕೂ ವ್ಯತ್ಯಾಸ ಭಾವನಿಗೆ ಮಾತ್ರ ಗೊತ್ತು.

ಮುಕ್ಕಾಲು ಪಾಲು ದಾರಿ ಇಳಿದಾಗಿತ್ತು. ಏಣಿ ಬೆಲ್ಟಿನ ಕೊಕ್ಕೆಯನ್ನು ಟವರಿನಿಂದ ಬಿಚ್ಚಿಕೊಂಡು, ನೆಲಕ್ಕೆ ಒಂದು ಮಹಡಿಯಷ್ಟು ಎತ್ತರದಲ್ಲಿದ್ದ. ಕಿಟಕಿಯಿಂದ ಗೊರಗೊರ ಅನ್ನುವ ಸದ್ದಿನ ನಡುವೆ ಯಾರೋ ಏನೋ ಅಂದರು. ಏಣಿಗೆ ಅರ್ಥವಾಗಲಿಲ್ಲ, ಭಾವನಿಗೆ ಆಯಿತು. ಅವರ ಮುಖ ಬೆಳಗಿದ್ದನ್ನು ಏಣಿ ಮೇಲಿಂದಲೇ ನೋಡಿದ. ನೋಡುತ್ತಿದ್ದ ಹಾಗೇ ಭಾವ ಹಗ್ಗವನ್ನು ಅಂಗಳದ ನಲ್ಲಿಯ ಪೈಪಿಗೆ ಎರಡು ಸುತ್ತು ಸುತ್ತಿ ಒಳಗೆ ಓಡಿದರು.

"ಭಾವಾ" ಅಂತ ಕೂಗಿದ ಏಣಿ. ಪೈಪು ಬಾಗಿತು. "ಭಾವಾ, ಹಗ್ಗ" ಅಂತ ಇನ್ನೊಂದು ಸಲ ಕೂಗಿದ. ಪೈಪು ಕಿತ್ತು ಬಂತು. ಆಂಟೆನಾ ಬೀಳುವಾಗ ಅದರ ಒಂದು ಕೋಲು ಏಣಿಯ ಸೊಂಟದ ಬೆಲ್ಟಿಗೆ ಸಿಕ್ಕಿ, ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಬೀಳದವನನ್ನು ಕೈ ಹಿಡಿದು ಕರೆದುಕೊಂಡು ಹೋದ ಹಾಗೆ ಕೆಳಗೆ ತಂದಿತು. ನೆಟ್ಟಗೆ ಎರಡು ಕಾಲಿನ ಮೇಲೇ ಬಿದ್ದ. ಬಲಗಾಲ ಹಿಮ್ಮಡಿ ಕಲ್ಲುಚಪ್ಪಡಿಗೆ ಬಡಿಯಿತು. ಆಂಟೆನಾದ ಏಟಿಗೆ ಒಂದು ಎಳೆತಂತಿ ಕಿತ್ತು, ಟವರೂ ಕಾಂಪೌಂಡಿನ ಮೇಲೆ ಒರಗಿತು.

ಅಕ್ಕ ಅಂಗಡಿಯಿಂದ ಯಾರದೋ ಕನ್ನಡಕ ಕೈಯಲ್ಲಿ ಹಿಡಿದುಕೊಂಡೇ ಓಡಿ ಬಂದಳು. ಭಾವ ಕೋಣೆಯಿಂದ ಹೊರಗೆ ಬಂದರು. "ಸಿಕ್ತು ಕಣೇ, ಸಿಕ್ಕಿಬಿಡ್ತು" ಅಂದರು. ಆಮೇಲೆ ಅಂಗಳ ನೋಡಿದರು. "ಅಯ್ಯೋ, ಆಂಟೆನಾ" ಅಂದರು. ಕಿತ್ತ ನಲ್ಲಿಯಿಂದ ನೀರು ಚಿಮ್ಮುತ್ತಿತ್ತು, ಅದರ ನಡುವೆ ಭಾವಮೈದುನ ಒದ್ದೆಯಾಗಿ ಕೂತಿದ್ದದ್ದು ಅವರ ಕಣ್ಣಿಗೆ ಬಿದ್ದದ್ದು ಮೂರನೆಯದಾಗಿ.

ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ತೋರಿಸಿದರು. ಹಿಮ್ಮಡಿ ಮೂಳೆ ಬಿಸ್ಕತ್ತಿನ ಹಾಗೆ ಮುರಿದಿತ್ತು. ಊತ ಇಳಿದ ಮೇಲೆ, ಮೂರು ವಾರದ ಒಳಗೆ, ಪ್ಲೇಟು ಸ್ಕ್ರೂ ಹಾಕಿ ಕೂರಿಸಬೇಕು. ತಡವಾದರೆ ಅದು ಹೇಗಿದೆಯೋ ಹಾಗೇ ಕೂಡಿಕೊಳ್ಳುತ್ತದೆ.

"ಕೂಡಿಕೊಂಡ್ರೆ ನಡೀಬಹುದಾ?" ಅಂದ ಏಣಿ.

"ನಡೀಬಹುದು, ಕುಂಟಿಕೊಂಡು. ಹತ್ತೋದು ಮಾತ್ರ ಮರೆತುಬಿಡಿ."

ಖರ್ಚು ಎಷ್ಟು ಅಂತ ಕೇಳಿದ. ಮಲಗಿಕೊಂಡೇ ಕೇಳಿದ್ದು ಒಳ್ಳೆಯದಾಯಿತು. ಧರ್ಮಾಸ್ಪತ್ರೆಯಲ್ಲಿ ಆಗುತ್ತದಾ ಅಂದರೆ ಅಲ್ಲಿ ನಾಲ್ಕು ತಿಂಗಳ ಸರದಿ. ಏಣಿ ಛಾವಣಿ ನೋಡುತ್ತಾ ಮಲಗಿದ. ಛಾವಣಿಗೆ ಬಣ್ಣ ಹೊಡೆದವನು ಮೂಲೆಗಳನ್ನು ಬಿಟ್ಟಿದ್ದ. ಹತ್ತಲಾರದ ಏಣಿಯನ್ನು ಯಾರು ಯಾಕೆ ಇಟ್ಟುಕೊಳ್ಳುತ್ತಾರೆ ಅಂತ ಯೋಚನೆ ಬಂತು. ಭಾವನ ಮೇಲೆ ಮಾತ್ರ ಸಿಟ್ಟು ಬರಲಿಲ್ಲ. ಸ್ಪೀಕರು ಜೋರಾಗಿತ್ತು, ನಾನು ಕೂಗಿದ್ದು ಅವರಿಗೆ ಕೇಳಿಸಿರಲಿಕ್ಕಿಲ್ಲ ಅಂತ ತನಗೆ ತಾನೇ ಹೇಳಿಕೊಂಡ. ಕೇಳಿಸಿದ್ದರೆ ಓಡಿ ಬರುತ್ತಿದ್ದರು, ಎಷ್ಟಾದರೂ ಅಕ್ಕನ ಗಂಡ. ಈ ಮಾತನ್ನು ದಿನಕ್ಕೆ ಹತ್ತು ಸಲ ಹೇಳಿಕೊಂಡ, ಹೇಳಿಕೊಂಡಾಗಲೆಲ್ಲ ಕಾಲಿನ ನೋವು ಸ್ವಲ್ಪ ತಡೆದುಕೊಳ್ಳುವ ಹಾಗೆ ಆಗುತ್ತಿತ್ತು.

ಮೂರನೇ ದಿನ ಭಾವ ಕಿತ್ತಳೆ ಹಣ್ಣು ತಂದರು. ಹಣ್ಣಿನ ಕೆಳಗೆ ಒಂದು ಟೈಪು ಮಾಡಿದ ಕಾಗದ. ಮೂರೂ ಮುಕ್ಕಾಲಿಗೆ ಹಠಾತ್ತಾಗಿ ಸುಂಟರಗಾಳಿ ಬೀಸಿತೆಂದೂ, ಹಗ್ಗ ಹಿಡಿದಿದ್ದ ಮಾಲೀಕರ ಶತಪ್ರಯತ್ನ ಮೀರಿ ಆಂಟೆನಾ ಬಿತ್ತೆಂದೂ, ಇದನ್ನು ತಾನು ಕಣ್ಣಾರೆ ಕಂಡೆನೆಂದೂ ಅದರಲ್ಲಿತ್ತು. ಕೆಳಗೆ ಏಣಿಯ ಹೆಸರು, ಅಪ್ಪ ಅಮ್ಮ ಇಟ್ಟದ್ದು. ಭಾವನಿಗೆ ಅದು ಗೊತ್ತಿದೆ ಅಂತ ಏಣಿಗೆ ಅವತ್ತೇ ಗೊತ್ತಾದದ್ದು.

"ಇಲ್ಲೊಂದು ಸಹಿ ಹಾಕಪ್ಪ. ಆಂಟೆನಾದ ದುಡ್ಡು ಬರಲಿ, ಆಮೇಲೆ ನಿನ್ನ ಕಾಲಿಂದು ಒಂದು ವ್ಯವಸ್ಥೆ ಮಾಡೋಣ."

"ಮೂರು ವಾರದ ಒಳಗೆ ಬರುತ್ತಾ ಭಾವ?"

"ಬರುತ್ತೆ, ಬರುತ್ತೆ. ಮೊದಲು ಟವರ್ ನಿಲ್ಲಿಸ್ಕೋಬೇಕು, ಅದು ಕಾಂಪೌಂಡಿನ ಮೇಲೆ ಒರಗಿದೆ. ಆಮೇಲೆ ನೋಡೋಣ."

ಮೂಗಿಗೆ ತುಪ್ಪ ಸವರುವುದು ಅಂದರೆ ಇದೇ. ಏಣಿ ಪೆನ್ನು ತೆಗೆದುಕೊಂಡೂ ಬಿಟ್ಟಿದ್ದ. ಹೇಳಿದೆನಲ್ಲ, ಆಗಲ್ಲ ಅನ್ನುವುದು ಅವನ ಬಾಯಲ್ಲಿ ಬರುವುದಿಲ್ಲ. ಅಷ್ಟರಲ್ಲಿ ನರ್ಸಮ್ಮ ಸೂಜಿ ಹಿಡಿದು ಬಂದರು, ಸಂದರ್ಶಕರನ್ನು ಹೊರಗೆ ಕಳಿಸಿದರು, ಕಾಗದ ದಿಂಬಿನ ಕೆಳಗೆ ಉಳಿಯಿತು.

ಸಂಜೆ ಅಕ್ಕ ಬಂದಳು. ಕಾಗದ ಓದಿದಳು, ಮಡಿಸಿ ಬ್ಲೌಸಿಗೆ ಸಿಕ್ಕಿಸಿದಳು. ಕೈಚೀಲದಿಂದ ಪಾಲಿಸಿ ತೆಗೆದಳು. ಇಪ್ಪತ್ತು ವರ್ಷ ಬೇರೆಯವರ ಕಣ್ಣಿಗೆ ಸಣ್ಣಕ್ಷರ ಓದಿಸಿದವಳು, ಅಂಗಡಿಯ ಭೂತಗನ್ನಡಿ ಇಟ್ಟುಕೊಂಡು ಅದನ್ನು ಮೊದಲಿಂದ ಕೊನೆತನಕ ಓದಿದ್ದಳು.

"ಇದರಲ್ಲಿ ಎರಡು ಭಾಗ ಇದೆ ಕಣೋ. ಗಾಳಿಗೆ ಬಿದ್ರೆ ಆಂಟೆನಾಕ್ಕೆ ದುಡ್ಡು. ಮಾಲೀಕರ ಅಜಾಗರೂಕತೆಯಿಂದ ಬಿದ್ದು ಹೊರಗಿನವರಿಗೆ ಏಟಾದ್ರೆ, ಏಟಾದವರ ಆಸ್ಪತ್ರೆ ಖರ್ಚು ಪೂರ್ತಿ ಅವರದು. ಆದರೆ ಆಗ ಆಂಟೆನಾಕ್ಕೆ ಬಿಡಿಗಾಸಿಲ್ಲ."

ಅಂದರೆ ಗಾಳಿ ಬೀಸಿದ್ದರೆ ಭಾವನ ಆಂಟೆನಾ ಎದ್ದು ನಿಲ್ಲುತ್ತದೆ. ಬೀಸದಿದ್ದರೆ ಏಣಿ ಎದ್ದು ನಿಲ್ಲುತ್ತಾನೆ. ಏಣಿಗೆ ಇದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಭಾವಂಗೆ ಹೇಳಿದ್ಯಾ?"

"ನಿನ್ನೆ ರಾತ್ರಿಯಿಂದ ಅದೇ ಕೆಲಸ. ನಿಜ ಬರೆದುಕೊಡಿ ಅಂದೆ. 'ನಾನು ಅಜಾಗರೂಕ ಅಂತ ನಾನೇ ಬರೆದುಕೊಡ್ಲಾ' ಅಂತಾರೆ. ನಾನು ಅತ್ತುಬಿಟ್ಟೆ. 'ಆಂಟೆನಾ ಮತ್ತೆ ಬರುತ್ತಾ' ಅಂತಾರೆ. ನನ್ನ ತಮ್ಮನ ಕಾಲು ಮತ್ತೆ ಬರುತ್ತೇನ್ರಿ ಅಂದೆ. ಹೆಡ್‌ಫೋನ್ ಹಾಕ್ಕೊಂಡ್ರು." ಅಕ್ಕನ ಮೂಗಿನ ತುದಿ ಕೆಂಪಗಾಗಿತ್ತು. "ನೀನು ಸಹಿ ಹಾಕಬೇಡ. ಹಾಕಲ್ಲ ಅಂತಲೂ ಹೇಳಬೇಡ, ನಿನ್ನ ಕೈಲಿ ಅದು ಆಗಲ್ಲ. ವಿಮೆಯವರು ಬರೋ ದಿನ ಗಾಡಿ ಕಳಿಸ್ತೀನಿ, ಬಂದು ಸುಮ್ಮನೆ ಕೂತ್ಕೋ."

ವಿಮೆಯವರು ಬಂದದ್ದು ಹದಿನಾರನೇ ದಿನ. ದಪ್ಪ ಅಟ್ಟೆಯ ಬೂಟು ಹಾಕಿದ್ದ ಒಬ್ಬರು ನಡುವಯಸ್ಸಿನ ಮೇಡಂ. ನಗು ಇಲ್ಲ, ಸಿಡುಕೂ ಇಲ್ಲ. ಬಿದ್ದ ಮನೆ, ಸುಟ್ಟ ಅಂಗಡಿ ನೋಡಿ ನೋಡಿ ಅವರ ಮುಖ ಅಳತೆಪಟ್ಟಿಯ ಹಾಗಾಗಿತ್ತು. ಏಣಿ ಅಂಗಳದಲ್ಲಿ ಒಂದು ಕುರ್ಚಿಯ ಮೇಲೆ ಕೂತು, ಪಟ್ಟಿ ಸುತ್ತಿದ ಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ಇಟ್ಟಿದ್ದ. ಡಾಕ್ಟರು ಹೇಳಿದ ಗಡುವಿಗೆ ಇನ್ನು ಐದೇ ದಿನ. ಮೇಡಂ ಟವರು ನೋಡಿದರು, ಆಂಟೆನಾ ಅಳೆದರು, ಕಿತ್ತ ಪೈಪು ನೋಡಿದರು.

"ಆ ಹೊತ್ತಲ್ಲಿ ನೀವೆಲ್ಲಿದ್ರಿ?"

"ಇಲ್ಲೇ ಮೇಡಂ, ಹಗ್ಗ ಹಿಡ್ಕೊಂಡು" ಅಂದರು ಭಾವ. ಅವತ್ತು ಅವರು ಇಸ್ತ್ರಿ ಅಂಗಿ ಹಾಕಿದ್ದರು. "ಎಂಥಾ ಗಾಳಿ ಅಂತೀರಿ. ಕೈ ಎಲ್ಲಾ ಕಿತ್ತು ಹೋಯ್ತು." ಅಂಗೈ ತೋರಿಸಿದರು. ಅಂಗೈ ಮಗುವಿನದರ ಹಾಗೆ ನುಣ್ಣಗಿತ್ತು. "ಈಗ ವಾಸಿಯಾಗಿದೆ" ಅಂತ ಸೇರಿಸಿದರು.

"ಸಮಯ?"

"ಮೂರೂ ಮುಕ್ಕಾಲು."

ಮೇಡಂ ಬರೆದುಕೊಂಡರು. ಏಣಿಯ ಕಡೆ ತಿರುಗಿ, "ನಿಮ್ಮ ಹೇಳಿಕೆ ಇನ್ನೂ ಬಂದಿಲ್ಲ" ಅಂದರು. ಭಾವ ಅವನನ್ನೇ ನೋಡಿದರು. ಹೌದು ಅನ್ನುವುದು ನಾಲಿಗೆ ತುದಿಗೆ ಬಂದು ನಿಂತಿತ್ತು, ಅಭ್ಯಾಸಬಲ. ಅಷ್ಟರಲ್ಲಿ ಅಕ್ಕ ಚಹಾ ತಟ್ಟೆ ಹಿಡಿದು ಬಂದಳು. ಮೊದಲು ಮೇಡಂಗೆ ಕೊಟ್ಟಳು, ಆಮೇಲೆ ಗಂಡನಿಗೆ. ಕೊಡುತ್ತಾ, ತರಕಾರಿ ಏನು ತರಲಿ ಅಂತ ಕೇಳುವ ದನಿಯಲ್ಲಿ ಕೇಳಿದಳು.

"ರೀ, ನೀವು ಹಗ್ಗ ಹಿಡ್ಕೊಂಡು ಇಲ್ಲೇ ಇದ್ರಿ ಅಂದ್ಮೇಲೆ, ಆ ದ್ವೀಪದವರ ಜೊತೆ ಮಾತಾಡಿದ್ದು ಯಾರು? ಲಾಗಲ್ಲಿ ಸುಮ್ಮನೆ ಬರ್ಕೊಂಡ್ರಾ?"

ಚಹಾದ ಕಪ್ಪು ಭಾವನ ತುಟಿಯ ಹತ್ತಿರವೇ ನಿಂತಿತು.

"ಸುಮ್ಮನೆ ಯಾಕೆ ಬರೀತಾರೆ?"

"ಅಲ್ಲ, ಅಧ್ಯಕ್ಷರು ಮೊನ್ನೆ ಅಂಗಡಿಗೆ ಬಂದಾಗ ಕೇಳಿದ್ರು. 'ಟವರೇ ಬಿದ್ದಿರೋವಾಗ ಇವರಿಗೆ ಹೇಗೆ ಸಿಕ್ತಮ್ಮ, ನಿಜವಾಗ್ಲೂ ಸಿಕ್ತಾ' ಅಂತ. ನಾನು ನಿಜ ಅಂದೆ. ಈಗ ನೋಡಿದ್ರೆ ನೀವು ಆ ಹೊತ್ತಲ್ಲಿ ಹೊರಗಿದ್ದೆ ಅಂತಿದ್ದೀರಿ. ನಂಗೇನು ಗೊತ್ತಾಗುತ್ತೆ ಹೇಳಿ."

ಗಂಡಸರ ಅಭಿಮಾನ ಎಲ್ಲೆಲ್ಲೋ ಇರುತ್ತದೆ, ಭಾವನದು ಒಂದು ನೀಲಿ ರಟ್ಟಿನ ಲಾಗ್ ಪುಸ್ತಕದಲ್ಲಿತ್ತು. ಯಾರ ಜೊತೆ, ಯಾವತ್ತು, ಎಷ್ಟು ಹೊತ್ತಿಗೆ ಮಾತಾಡಿದೆ ಅಂತ ನಿಮಿಷ ನಿಮಿಷ ಬರೆದಿಟ್ಟ ಪುಸ್ತಕ. ಹೆಂಡತಿಗೆ ಸುಳ್ಳು ಹೇಳಿಯಾರು, ವಿಮೆಗೆ ಹೇಳಿಯಾರು, ಅದರಲ್ಲಿ ಮಾತ್ರ ಸುಳ್ಳು ಬರೆದವರಲ್ಲ. ಭಾವ ಕಪ್ಪು ಕುಕ್ಕಿ ಒಳಗೆ ಹೋಗಿ ಅದನ್ನು ತಂದು ಮೇಡಂ ಮುಂದೆ ತೆರೆದು ಹಿಡಿದರು.

"ನೋಡಿ ಮೇಡಂ. ನೀವೇ ಹೇಳಿ. ಇದು ಸುಳ್ಳು ಲೆಕ್ಕಾನಾ? ಆ ದ್ವೀಪದವರ ಪಟ್ಟಿಯಲ್ಲೂ ನನ್ನ ಕರೆಹೆಸರು ಬಂದಿದೆ, ಬೇಕಾದ್ರೆ ಕಂಪ್ಯೂಟರಲ್ಲಿ ತೋರಿಸ್ತೀನಿ."

ಮೇಡಂ ಕನ್ನಡಕ ಏರಿಸಿ ನೋಡಿದರು. "ಇದರಲ್ಲಿ ಬೆಳಗಿನ ಹೊತ್ತು ಬರೆದಿದೆಯಲ್ಲ. ಅಪಘಾತ ಆಗಿದ್ದು ಮಧ್ಯಾಹ್ನ."

ಇಲ್ಲಿ ಭಾವ ಬಾಯಿ ಮುಚ್ಚಿಕೊಂಡಿದ್ದರೆ ಉಂಡೂ ಹೋಗಬಹುದಿತ್ತು, ಕೊಂಡೂ ಹೋಗಬಹುದಿತ್ತು. ಆದರೆ ತಿಳಿಯದವರಿಗೆ ತಿಳಿಸಿ ಹೇಳುವ ಅವಕಾಶ ಬಂದಾಗ ಸುಮ್ಮನಿದ್ದ ಹ್ಯಾಮ್ ಇನ್ನೂ ಹುಟ್ಟಿಲ್ಲ.

"ಅಯ್ಯೋ, ನಾವು ನಿಮ್ಮ ಗೋಡೆ ಗಡಿಯಾರದ ಹೊತ್ತು ಬರೆಯೋದಿಲ್ಲ ಮೇಡಂ. ಇಡೀ ಪ್ರಪಂಚಕ್ಕೆ ಒಂದೇ ಹೊತ್ತು ಅಂತ ಇದೆ, ಅದನ್ನ ಬರೀತೀವಿ. ಅದಕ್ಕೆ ನಮ್ಮ ವ್ಯತ್ಯಾಸ ಕೂಡಿಸಿ." ಪೆನ್ನು ಕಿತ್ತುಕೊಂಡು ತಾವೇ ಕೂಡಿಸಿದರು, ಅಂಚಿನಲ್ಲಿ ಬರೆದರು, ಕೆಳಗೆ ಎರಡು ಗೆರೆ ಎಳೆದರು. "ನೋಡಿ, ಸರಿಯಾಗಿ ಮೂರೂ ಮುಕ್ಕಾಲು."

ಅಕ್ಕ ತಟ್ಟೆಯ ಮೇಲಿನ ಚೆಲ್ಲಿದ ಚಹಾ ಒರೆಸಿದಳು.

"ಸಾರ್" ಅಂದರು ಮೇಡಂ, "ಮೂರೂ ಮುಕ್ಕಾಲಿಗೆ ನೀವು ಒಂದೋ ಈ ಕೋಣೆಯಲ್ಲಿದ್ರಿ, ಇಲ್ಲಾ ಹಗ್ಗ ಹಿಡ್ಕೊಂಡು ಇಲ್ಲಿದ್ರಿ. ಎರಡೂ ಕಡೆ ಇರೋಕಾಗಲ್ಲ. ಒಂದನ್ನ ನಾನು ಹೊಡೆದುಹಾಕಬೇಕು. ಲಾಗ್ ತಪ್ಪಾ, ಹೇಳಿಕೆ ತಪ್ಪಾ? ಲಾಗ್ ತಪ್ಪು ಅಂದ್ರೆ ಅದರ ಪಕ್ಕ ತಪ್ಪು ಅಂತ ಬರೆದು ಸಹಿ ಹಾಕಿ, ಫೋಟೋ ತಗೊಂಡು ಕಡತಕ್ಕೆ ಸೇರಿಸ್ತೀನಿ."

ಭಾವ ಕುರ್ಚಿಯಲ್ಲಿ ಕುಸಿದರು. ಆಗ ಅವರಿಗೆ ತಾವು ಏನು ಮಾಡಿಕೊಂಡೆವು ಅನ್ನುವುದು ಗೊತ್ತಾಯಿತು. ಐದು ನಿಮಿಷ ಇರಬಹುದು, ಏಣಿಯ ಜೀವನದಲ್ಲಿ ಅಷ್ಟು ಉದ್ದದ ಐದು ನಿಮಿಷ ಬಂದಿರಲಿಲ್ಲ. ಭಾವ ಲಾಗ್ ಪುಸ್ತಕ ನೋಡಿದರು. ನುಗ್ಗಾದ ಆಂಟೆನಾ ನೋಡಿದರು. ಮತ್ತೆ ಪುಸ್ತಕ ನೋಡಿದರು. ಇನ್ನೊಂದು ಕುರ್ಚಿಯ ಮೇಲೆ, ಕೈಯಳತೆ ದೂರದಲ್ಲೇ, ಬಿಳಿ ಪಟ್ಟಿ ಸುತ್ತಿದ ಒಂದು ಕಾಲು ಇತ್ತು. ಅದರ ಕಡೆ ಅವರ ಕಣ್ಣು ಹೋಗಲೇ ಇಲ್ಲ. ಹೋಗುತ್ತದೇನೋ ಅಂತ ಏಣಿ ಕಾದ.

"ಲಾಗ್ ಸರಿಯಾಗಿದೆ" ಅಂದರು ಭಾವ ಕೊನೆಗೆ. "ಹೇಳಿಕೆ ಹೊಡೆದುಹಾಕಿ."

ಹಗ್ಗವನ್ನು ನಲ್ಲಿಗೆ ಸುತ್ತಿ ಒಳಗೆ ಹೋದದ್ದು ನಿಜ, ಗಾಳಿ ಇರಲಿಲ್ಲ ಅಂತ ಅವರೇ ಬರೆದು ಸಹಿ ಹಾಕಿದರು. ಸಹಿ ದೊಡ್ಡದಾಗಿತ್ತು, ಕೆಳಗೆ ಕರೆಹೆಸರನ್ನೂ ಸೇರಿಸಿದರು. ಮೇಡಂ ನಾಳೆ ಮಧ್ಯಾಹ್ನದ ಒಳಗೆ ಆಸ್ಪತ್ರೆಗೆ ಕಾಗದ ಹೋಗುತ್ತದೆ, ನಾಡಿದ್ದು ಆಪರೇಷನ್ ಮಾಡಿಸಿಕೊಳ್ಳಿ ಅಂದರು. ಹೊರಡುವಾಗ ಅಕ್ಕನ ಕಡೆ ನೋಡಿ ಚಹಾ ಚೆನ್ನಾಗಿತ್ತು ಅಂದರು. ಅಕ್ಕ ಒಳಗೆ ಹೋಗಿ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಅತ್ತಳು, ಅದು ಏಣಿಗೆ ಕೇಳಿಸಿತು.

ಏಣಿಗೆ ಎದೆ ಹಗುರಾಯಿತು. ಕಾಲು ಉಳಿಯಿತು. ಇನ್ನು ಎರಡು ತಿಂಗಳಲ್ಲಿ ಆ ಶಾಲೆಯ ಗೋಡೆ, ಆಮೇಲೆ ನೀರಿನ ಟ್ಯಾಂಕು. ಭಾವ ಏನೇ ಆದರೂ ಕೊನೆಗೆ ನಿಜ ಹೇಳಿದರಲ್ಲ ಅಂತ ಅವನಿಗೆ ಅವರ ಮೇಲೆ ಪ್ರೀತಿಯೇ ಬಂತು. ಭಾವನೂ ಗೆಲುವಾಗಿದ್ದರು. ಆಂಟೆನಾ ಹೋಗಿತ್ತು, ಆದರೆ ದ್ವೀಪಕ್ಕೆ ಈಗ ವಿಮೆ ಕಂಪನಿಯ ಸಾಕ್ಷಿಯೂ ಸಿಕ್ಕಿತ್ತು. ಅಧ್ಯಕ್ಷರಿಗೆ ಫೋನು ಮಾಡಿ ಅದನ್ನು ಹೇಳಿಯೂ ಆಗಿತ್ತು. ಆ ಪ್ರೀತಿಯ ಭರದಲ್ಲೇ ಏಣಿ ಕೇಳಿಬಿಟ್ಟ.

"ಭಾವ, ಅವತ್ತು ಸ್ಪೀಕರ್ ಜೋರಾಗಿತ್ತು ಅಲ್ವಾ? ನಾನು ಕೂಗಿದ್ದು ನಿಮಗೆ ಕೇಳಿಸಿರಲ್ಲ."

"ಕೇಳಿಸ್ತಲ್ಲ" ಅಂದರು ಭಾವ. ಪುಸ್ತಕದ ಧೂಳು ಒರೆಸುತ್ತಿದ್ದರು. "ಎರಡು ಸಲ ಕೂಗಿದೆ. ಎರಡೂ ಕೇಳಿಸ್ತು. ಆದರೆ ಆ ದ್ವೀಪ ಇನ್ನು ಇಪ್ಪತ್ತು ವರ್ಷ ಸಿಗ್ತಿರಲಿಲ್ಲಪ್ಪ. ನೀನು ದಿನಾ ಸಿಗ್ತೀಯ."

ಅದರಲ್ಲಿ ಕೊಂಕಿರಲಿಲ್ಲ, ಕೆಟ್ಟ ಬುದ್ಧಿಯೂ ಇರಲಿಲ್ಲ. ಅಂಗಡಿಗೆ ಬಂದವರಿಗೆ ಕನ್ನಡಕದ ನಂಬರು ಹೇಳುವ ಹಾಗೆ ಹೇಳಿದರು. ಅಡುಗೆಮನೆಯಲ್ಲಿ ಮೂಗು ಒರೆಸುವ ಸದ್ದು ನಿಂತಿತು.

ಏಣಿ "ಹೌದು ಭಾವ" ಅನ್ನಲಿಲ್ಲ. ಅಕ್ಕನನ್ನು ಕರೆದು, ಟವರಿನ ಬುಡದ ಗೂಡಿನಲ್ಲಿರುವ ತನ್ನ ಬೆಲ್ಟು, ಕೊಕ್ಕೆ, ಸ್ಪ್ಯಾನರುಗಳನ್ನು ಒಂದು ಚೀಲಕ್ಕೆ ಹಾಕಿ ಗಾಡಿಯಲ್ಲಿಡಲು ಹೇಳಿದ. ಹದಿನೆಂಟು ವರ್ಷದಿಂದ ಅವು ಅಲ್ಲೇ ಇದ್ದವು. ಅಕ್ಕ ಎಲ್ಲವನ್ನೂ ತುಂಬಿದಳು, ಅವನ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದಳು.

"ಅದ್ಯಾಕೆ ತಗೊಂಡು ಹೋಗ್ತಿದ್ದೀಯ?" ಅಂದರು ಭಾವ. "ಇಲ್ಲೇ ಇರ್ಲಿ ಬಿಡು, ಹೊಸ ಟವರಿಗೆ ಬೇಕಾಗುತ್ತೆ."

ಏಣಿ ಒಂದು ಕಾಲಿನ ಮೇಲೆ ಕುಪ್ಪಳಿಸುತ್ತಾ ಗೇಟಿನ ತನಕ ಹೋದ. ಭಾವ ಹಿಂದಿನಿಂದ ಅದನ್ನೇ ಇನ್ನೊಂದು ಸಲ ಕೇಳಿದರು. ಗಾಡಿಯ ಬಾಗಿಲು ಹಾಕುವಾಗ ಮೂರನೇ ಸಲ, ಸ್ವಲ್ಪ ಜೋರಾಗಿ ಕೇಳಿದರು. ಏಣಿಗೆ ಮೂರೂ ಸಲ ಚೆನ್ನಾಗಿಯೇ ಕೇಳಿಸಿತು.